ಹೆಪ್ಪುಗಟ್ಟದ ಚಳಿಗಾಲ

ನೆದರ್ಲೆಂಡ್ಸ್ ದೇಶದ ಉತ್ತರ ಭಾಗದಲ್ಲಿರುವ ಫ್ರೀಸ್‌ಲೆಂಡ್ ಪ್ರಾಂತದ ಚಳಿಗಾಲವನ್ನು ಕಾಣದವರು ಅದನ್ನು ಹಿಮಾಚ್ಛಾದಿತವೆಂದೂ ಧವಳಗಂಭೀರವೆಂದೂ ಕಲ್ಪಿಸಿಕೊಳ್ಳುವುದು ಸಹಜವೇ ಆದರೂ, ಅಲ್ಲಿಯ ನಿಜಸ್ಥಿತಿ ಬಹುಪಾಲು ವರ್ಷಗಳಲ್ಲಿ ಈ ಚಿತ್ರಕ್ಕೆ ತೀರ ದೂರವಾದದ್ದು. ಡಿಸೆಂಬರಿನಲ್ಲಿ ಬೆಳಗಿನ ಎಂಟೂವರೆ ದಾಟಿದ ಮೇಲೆ ಅರೆಮನಸ್ಸಿನಿಂದಲೋ ಎಂಬಂತೆ ಬೆಳಕಾಗುತ್ತದೆ. ಸಂಜೆ ನಾಲ್ಕೂವರೆಯೊಳಗೆ ಆ ಬೆಳಕೂ ತೊಲಗುತ್ತದೆ. ನಡುವಣ ಹೊತ್ತಿನಲ್ಲಿ ಮಳೆಯೆನ್ನಲಾಗದ ತುಂತುರು, ಗಾಳಿಯೆನ್ನಲಾಗದ ತೇವ, ಚಳಿಯೆನ್ನಲಾಗದ ಒಂದು ತಣ್ಣನೆಯ ಜಡತೆ, ಇವಿಷ್ಟೇ ಲಭ್ಯ. ಕಾಲುವೆಗಳಲ್ಲಿ ನೀರು ಕಪ್ಪಾಗಿ ನಿಂತಿರುತ್ತದೆಯೇ ಹೊರತು ಹೆಪ್ಪುಗಟ್ಟುವುದಿಲ್ಲ. ಏನೂ ನಡೆಯದ ಇಂಥ ಚಳಿಗಾಲದ ಮೇಲೆ ಫ್ರೀಸ್‌ಲೆಂಡಿನ ಜನಕ್ಕೆ ಇರುವ ಅಸಮಾಧಾನ ಬರಿಯ ಬೇಸರವಲ್ಲ; ಬರಬೇಕಾಗಿದ್ದ ಅತಿಥಿ ಬಾರದೆ ಹೋದನೆಂಬ ಮನೆಯವರ ಕೊರಗು ಅದು. ಆ ಅತಿಥಿಗಾಗಿ ಕಾದು ಕುಳಿತ ಒಂದು ಸಂಸ್ಥೆಯೇ ಅಲ್ಲಿ 1909ರಿಂದ ಇದೆ.

ಆದರೆ ಹಿಮಗಟ್ಟುವ ಚಳಿಯನ್ನು ಅತಿಥಿಯೆಂದು ಬಗೆಯುವ ಈ ಭಾವನೆ ಹಳೆಯದಲ್ಲ. ಯೂರೋಪಿನ ಚಳಿಗಾಲಗಳು ಇಂದಿಗಿಂತ ಕಠೋರವಾಗಿದ್ದ 16 ಮತ್ತು 17ನೆಯ ಶತಮಾನಗಳಲ್ಲಿ ಚಳಿಯೆಂಬುದು ಆ ನಾಡಿಗೆ ಮೊದಲು ವಿಪತ್ತು, ಆಮೇಲೆ ವಿನೋದ. ಬ್ರೂಗೆಲನು 1565ರಲ್ಲಿ ಬರೆದ ಹಿಮದ ಬೇಟೆಗಾರರ ಚಿತ್ರವನ್ನೂ, ಕಾಂಪೆನ್ ಎಂಬ ಊರಿನಲ್ಲಿ ಬಾಳಿದ ಮೂಕ ಕಲಾವಿದ ಹೆಂಡ್ರಿಕ್ ಆವರ್ಕಾಂಪನು ಬಿಡಿಸಿದ ಹೆಪ್ಪುಗಟ್ಟಿದ ನದಿಗಳನ್ನೂ ನೋಡಿ, ಅಂದಿನ ಜನ ಚಳಿಗಾಲವೆಲ್ಲ ಜಾರುತ್ತ ನಲಿಯುತ್ತ ಕಳೆದರೆಂದು ತಿಳಿದರೆ ಅರ್ಧಸತ್ಯವನ್ನೇ ತಿಳಿದಂತಾಯಿತು. ಆ ನಾಡಿನ ಸಂಚಾರ ನೀರಿನ ಮೇಲೆ ನಡೆಯುತ್ತಿತ್ತು. ಆಮ್‌ಸ್ಟರ್‌ಡ್ಯಾಮಿನಿಂದ ಹಾರ್ಲೆಮಿಗೆ 1632ರಲ್ಲಿ ಆರಂಭವಾಗಿ, ಕ್ರಮೇಣ ಊರಿಂದೂರಿಗೆ ಹಬ್ಬಿದ ಸಾರ್ವಜನಿಕ ದೋಣಿಗಳನ್ನು ಕಾಲುವೆಯ ದಡದ ದಾರಿಯಲ್ಲಿ ನಡೆಯುವ ಕುದುರೆಗಳು ಹಗ್ಗದಿಂದ ಎಳೆಯುತ್ತಿದ್ದವು. ಮನೆಯ ಒಲೆಗೆ ಬೇಕಾದ ಜವುಗುನೆಲದ ಇದ್ದಿಲುಮಣ್ಣೂ, ಪೇಟೆಗೆ ಹೋಗುವ ಬೆಣ್ಣೆಯೂ ನೀರಿನ ಮೇಲೆಯೇ ಸಾಗಬೇಕಾಗಿತ್ತು. ಕಾಲುವೆ ಗಟ್ಟಿಯಾದರೆ ಸೌದೆ ತುಟ್ಟಿ, ಸರಕು ನಿಂತುಹೋಯಿತು, ದೋಣಿಯವನ ಒಲೆ ಆರಿತು. ಆಮ್‌ಸ್ಟರ್‌ಡ್ಯಾಮಿನ ಬಿಯರ್ ತಯಾರಕರಂತೂ ಊರಿನ ಉಪ್ಪುನೀರು ತಮ್ಮ ಕಸುಬಿಗೆ ಒದಗದೆ ವೆಖ್ಟ್ ನದಿಯಿಂದ ಸಿಹಿನೀರನ್ನು ದೋಣಿಗಳಲ್ಲಿ ತರಿಸುತ್ತಿದ್ದವರಾದ ಕಾರಣ, ಚಳಿಗಾಲದಲ್ಲಿ ಆ ದಾರಿಯನ್ನು ತೆರೆದಿಡಲು ಮಂಜುಗಡ್ಡೆ ಒಡೆಯುವ ಭಾರಿ ದೋಣಿಯೊಂದನ್ನು ಸಾಕಿದ್ದರು; ಅದಕ್ಕೆ ಕುದುರೆಗಳ ದೊಡ್ಡ ತಂಡವನ್ನೇ ಹೂಡಿ, ದಡದಿಂದ ಎಳೆಸಿ, ಗಡ್ಡೆಯನ್ನು ಸೀಳಿಸುತ್ತಿದ್ದರು. ಮಂಜುಗಡ್ಡೆಯನ್ನು ಒಡೆಯಲು ಹಣ ತೆತ್ತ ಜನ ಅವರು.

ವಿಪತ್ತಿನೊಳಗೆ ಒಂದು ಬಿಡುಗಡೆಯೂ ಅಡಗಿತ್ತೆಂಬುದು ನಿಜ. ಬೇಸಗೆಯಲ್ಲಿ ಕಾಲುವೆ, ಕೆರೆ, ಜವುಗುಗಳಿಂದ ತುಂಡುತುಂಡಾಗಿದ್ದ ನೆಲ, ನೀರು ಗಟ್ಟಿಯಾದೊಡನೆ ಒಂದೇ ಅಖಂಡ ರಾಜಮಾರ್ಗವಾಗುತ್ತಿತ್ತು; ಉಕ್ಕಿನ ಅಲಗನ್ನು ಮರದ ಹಲಗೆಗೆ ಕೂಡಿಸಿ ಪಾದಕ್ಕೆ ಬಿಗಿದುಕೊಂಡ ರೈತ, ವರ್ಷದ ಉಳಿದ ದಿನಗಳಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ನೆಂಟರ ಊರನ್ನು ಗಂಟೆಯೊಳಗೆ ಮುಟ್ಟುತ್ತಿದ್ದ. ಹೊಲದ ಕೆಲಸ ನಿಂತ ಕಾಲ. ದೋಣಿಯ ಕೂಲಿಯೂ ಇಲ್ಲದ ಕಾಲ. ಆ ಬಲವಂತದ ಬಿಡುವಿನಲ್ಲಿ, ಪ್ರಾಂತದ ಹನ್ನೊಂದು ಪಟ್ಟಣಗಳನ್ನೂ ಒಂದೇ ದಿನದಲ್ಲಿ ಸುತ್ತಿ ಬರುವುದು ಕಟ್ಟುಮಸ್ತಾದ ತರುಣರ ಪಣವಾಯಿತು. ಆ ಪಟ್ಟಣಗಳು ಇವು: ಲೇವಾರ್ಡೆನ್, ಸ್ನೇಕ್, ಐಲ್ಸ್ಟ್, ಸ್ಲೋಟೆನ್, ಸ್ಟಾವೊರೆನ್, ಹಿಂಡೆಲೋಪೆನ್, ವರ್ಕುಮ್, ಬೋಲ್ಸ್‌ವಾರ್ಡ್, ಹಾರ್ಲಿಂಗೆನ್, ಫ್ರಾನೆಕೆರ್, ಡೊಕ್ಕುಮ್. ಇವನ್ನೆಲ್ಲ ಮುಟ್ಟಿ ಹೊರಟಲ್ಲಿಗೆ ಮರಳಿದರೆ ಸುಮಾರು 200 ಕಿಲೋಮೀಟರ್ ಆಗುತ್ತದೆ.

ಈ ಗ್ರಾಮೀಣ ಪಣವು ಒಂದು ಪದ್ಧತಿಯಾದದ್ದು 19ನೆಯ ಶತಮಾನದ ಕೊನೆಗೆ. ನೆದರ್ಲೆಂಡ್ಸ್‌ಗೆ ಆಧುನಿಕ ಕ್ರೀಡೆಗಳನ್ನು ಪರಿಚಯಿಸಿದವರಲ್ಲಿ ಅಗ್ರಗಣ್ಯನಾದ ಪಿಮ್ ಮುಲಿಯೆರ್ ಎಂಬಾತ 1890ರ ಡಿಸೆಂಬರಿನಲ್ಲಿ ಒಬ್ಬನೇ ಹೊರಟು, ದಾರಿಯುದ್ದಕ್ಕೂ ತಾನು ಬಂದು ಹೋದದ್ದಕ್ಕೆ ಸಾಕ್ಷಿಯಾಗಿ ರುಜು ಹಾಕಿಸಿಕೊಳ್ಳುತ್ತ, ಹದಿಮೂರು ಗಂಟೆಗಳಿಗಿಂತ ತುಸು ಕಡಿಮೆ ವೇಳೆಯಲ್ಲಿ ಆ ಸುತ್ತನ್ನು ಮುಗಿಸಿದ. ಅದಾದ ಹದಿನೆಂಟು ವರ್ಷಗಳ ಮೇಲೆ, 1909ರ ಜನವರಿ 2ರಂದು ಮೊದಲನೆಯ ಅಧಿಕೃತ ಯಾತ್ರೆ ನಡೆಯಿತು. ಹೊರಟವರು ಇಪ್ಪತ್ತು ಚಿಲ್ಲರೆ ಮಂದಿ. ಮೊದಲು ಮರಳಿದವನು ದೈವಶಾಸ್ತ್ರದ ವಿದ್ಯಾರ್ಥಿ ಮಿನ್ನೆ ಹೂಕ್‌ಸ್ಟ್ರಾ. ಅದೇ ತಿಂಗಳ 15ರಂದು ಮಿಂಡರ್ಟ್ ಹೆಪ್ಕೆಮಾ ಎಂಬ ವಕೀಲರ ಮುಂದಾಳ್ತನದಲ್ಲಿ ಹನ್ನೊಂದು ಪಟ್ಟಣಗಳ ಸಂಘ ಸ್ಥಾಪಿತವಾಯಿತು. ನಿಯಮಗಳು ಸರಳವಾದರೂ ನಿಷ್ಠುರ. ಹೊರಡುವವನ ಕೈಯಲ್ಲಿ ಒಂದು ಚೀಟಿ. ಪ್ರತಿ ಪಟ್ಟಣದಲ್ಲಿಯೂ, ಮುನ್ಸೂಚನೆಯಿಲ್ಲದ ಕೆಲವು ಗುಪ್ತ ಠಾಣೆಗಳಲ್ಲಿಯೂ ಅದರ ಮೇಲೆ ಮುದ್ರೆ ಬೀಳಬೇಕು. ನಡುರಾತ್ರಿಗೆ ಮುಂಚೆ ಲೇವಾರ್ಡೆನ್ನಿಗೆ ಮರಳಬೇಕು. ಹಾಗೆ ಮರಳಿದವನಿಗೆ ಸಿಗುವುದು ಎದೆಗೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಲೋಹದ ಶಿಲುಬೆ. ಆ ಶಿಲುಬೆಯ ಲೋಹದ ಬೆಲೆ ಅತ್ಯಲ್ಪವಾದರೂ ಅದನ್ನು ಪಡೆದವನ ಹೆಸರು ಊರಿನಲ್ಲಿ ತಲೆಮಾರುಗಳ ತನಕ ನಿಲ್ಲುತ್ತದೆ.

ಎಲ್ಲ ನಿಯಮಗಳಿಗೂ ಮೇಲಾದ ಒಂದು ನಿಯಮವನ್ನು ಮಾತ್ರ ಸಂಘ ಬರೆದದ್ದಲ್ಲ, ಪ್ರಕೃತಿ ಬರೆದದ್ದು. ಸಾವಿರಾರು ಜನರ ಭಾರ ತಾಳಬೇಕಾದರೆ ದಾರಿಯುದ್ದಕ್ಕೂ ಮಂಜುಗಡ್ಡೆ ಸುಮಾರು 15 ಸೆಂಟಿಮೀಟರ್ ದಪ್ಪವಿರಬೇಕು. ಎರಡು ಮೂರು ರಾತ್ರಿಯ ಚಳಿಗೆ ಇದು ಒದಗುವುದಿಲ್ಲ. ಸಿಹಿನೀರು ನಾಲ್ಕು ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅತ್ಯಂತ ಭಾರವಾಗಿ ತಳಕ್ಕಿಳಿಯುವುದರಿಂದ, ಇಡೀ ಕಾಲುವೆ ಅಷ್ಟರ ಮಟ್ಟಿಗೆ ತಣಿದ ಮೇಲಷ್ಟೇ ಮೇಲ್ಪದರವು ಹೆಪ್ಪುಗಟ್ಟಲು ಅನುವಾಗುತ್ತದೆ. ಗಾಳಿ ಬೀಸಿ ನೀರು ಕಲಕಿದರೆ ಆ ಕೆಲಸ ಕೆಡುತ್ತದೆ. ಗಡ್ಡೆ ಕಟ್ಟಿದ ಮೇಲೆ ಹಿಮ ಬಿದ್ದರೆ ಅದೇ ಹೊದಿಕೆಯಾಗಿ ಗಡ್ಡೆ ದಪ್ಪವಾಗದಂತೆ ತಡೆಯುತ್ತದೆ. ಇನ್ನು ಆ ಚಳಿಯಾದರೂ ಬರುವ ದಾರಿ ಯಾವುದು? ಡಚ್ ಹವಾಮಾನ ಸಂಸ್ಥೆಯನ್ನು 1854ರಲ್ಲಿ ಸ್ಥಾಪಿಸಿದ ಬೈಸ್ ಬ್ಯಾಲಟ್, ಉತ್ತರಾರ್ಧ ಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತವನ ಎಡಕ್ಕೆ ಕಡಿಮೆ ಒತ್ತಡದ ಪ್ರದೇಶವಿರುತ್ತದೆಂಬ ಸೂತ್ರವನ್ನು 1857ರಲ್ಲಿ ಪ್ರಕಟಿಸಿದ. ಆ ಸೂತ್ರದಂತೆ ಐಸ್‌ಲೆಂಡಿನ ಕಡೆ ಒತ್ತಡ ಕುಸಿದಿರುವಷ್ಟು ದಿನವೂ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪಡುವಣ ಗಾಳಿ ಫ್ರೀಸ್‌ಲೆಂಡಿನ ಮೇಲೆ ಮೋಡವನ್ನೂ ತುಂತುರನ್ನೂ ತಂದು ಸುರಿಯುತ್ತಿರುತ್ತದೆ. ಸ್ಕ್ಯಾಂಡಿನೇವಿಯಾದ ಮೇಲೆ ಅಧಿಕ ಒತ್ತಡ ನೆಲೆಯೂರಿ, ರಷ್ಯದ ಕಡೆಯ ಒಣ ಮೂಡುಗಾಳಿ ವಾರಗಟ್ಟಲೆ ಬೀಸಿದರೆ ಮಾತ್ರ ಕಾಲುವೆ ಗಟ್ಟಿಯಾದೀತು. ಮೊದಲನೆಯದು ನಿತ್ಯದ ಸ್ಥಿತಿ. ಎರಡನೆಯದು ಅಪರೂಪದ ಅನುಗ್ರಹ. ಮೃಗಶಿರೆ ಕಳೆದರೂ ಹನಿಯದ ಮೋಡವನ್ನು ನೋಡಿ ನಮ್ಮ ಬಯಲುಸೀಮೆಯ ರೈತ ನಿಟ್ಟುಸಿರಿಡುವಂತೆಯೇ ಅಲ್ಲಿಯವರು ಹನಿಯುತ್ತಲೇ ಇರುವ ಮೋಡವನ್ನು ನೋಡಿ ನಿಟ್ಟುಸಿರಿಡುತ್ತಾರೆ.

ಹೀಗಾಗಿ ಈ ಯಾತ್ರೆಯ ಚರಿತ್ರೆಯಲ್ಲಿ ನಡೆದ ವರ್ಷಗಳಿಗಿಂತ ನಡೆಯದ ವರ್ಷಗಳೇ ಹೆಚ್ಚು. 1909ರಿಂದ ಇಂದಿನವರೆಗೆ ಅದು ಜರುಗಿರುವುದು ಕೇವಲ 15 ಬಾರಿ. 1912, 1917, 1929, 1933, ಹೀಗೆ ನಾಲ್ಕೈದೋ ಹತ್ತು ಹನ್ನೆರಡೋ ವರ್ಷಕ್ಕೊಮ್ಮೆ ಬಂದ ಆ ಭಾಗ್ಯ, ಎರಡನೆಯ ಮಹಾಯುದ್ಧದ ಆರಂಭದಲ್ಲಿ 1940, 1941, 1942 ಎಂದು ಸತತವಾಗಿ ಮೂರು ವರ್ಷ ಒದಗಿತು. ಇವುಗಳಲ್ಲಿ ಕೊನೆಯ ಎರಡು ಜರ್ಮನ್ ಆಕ್ರಮಣದಡಿಯಲ್ಲಿಯೇ ನಡೆದವು. 1929ರಲ್ಲಿ ಗೆದ್ದ ಕಾರ್ಸ್ಟ್ ಲೇಮ್‌ಬುರ್ಗ್ ವಿಜಯದೊಡನೆ ಮರಗಟ್ಟಿದ ಕಾಲ್ಬೆರಳನ್ನೂ ತಂದುಕೊಂಡ. ಆ ಬೆರಳನ್ನು ಕತ್ತರಿಸಬೇಕಾಯಿತು. 1940ರಲ್ಲಿ ಮುಂದಿದ್ದ ಐವರು, ಇಷ್ಟು ಕಷ್ಟವನ್ನು ಜತೆಯಾಗಿ ಉಂಡವರು ಗೆಲವನ್ನೂ ಜತೆಯಾಗಿಯೇ ಹಂಚಿಕೊಳ್ಳೋಣವೆಂದು ಡೊಕ್ಕುಮ್ಮಿನಲ್ಲಿ ಒಪ್ಪಂದ ಮಾಡಿಕೊಂಡರು. ಸಂಘ ಅಂದು ಐವರನ್ನೂ ವಿಜೇತರೆಂದು ಸಾರಿತಾದರೂ ಮುಂದೆ ಅಂಥ ಒಪ್ಪಂದವನ್ನು ನಿಷೇಧಿಸಿತು. 1956ರಲ್ಲಿ ಬೇರೆ ಐವರು ಅದನ್ನೇ ಪುನರಾವರ್ತಿಸಿದಾಗ ಯಾರಿಗೂ ಬಹುಮಾನ ಸಲ್ಲಲಿಲ್ಲ. ಸ್ಪರ್ಧೆಯೆಂದು ಕರೆಯಲ್ಪಡುವ ಈ ಆಚರಣೆಯ ಅಂತರಂಗದಲ್ಲಿ ಸಹಯಾತ್ರೆಯ ಧರ್ಮವೊಂದು ನೆಲೆಸಿತ್ತೆಂಬುದಕ್ಕೆ ಇವೆರಡು ಪ್ರಸಂಗಗಳೂ ಸಾಕ್ಷಿ.

1963ರ ಜನವರಿ 18ರ ಯಾತ್ರೆಯನ್ನು ತುಸು ವಿಸ್ತಾರವಾಗಿ ಹೇಳಬೇಕು. ಆ ವರ್ಷದ್ದು ನೆದರ್ಲೆಂಡ್ಸ್‌ನಲ್ಲಿ 20ನೆಯ ಶತಮಾನದ ಅತ್ಯಂತ ಕಠೋರ ಚಳಿಗಾಲ. ಬೆಳಗಿನ ಕತ್ತಲಲ್ಲಿ ಶೂನ್ಯಕ್ಕಿಂತ ಸುಮಾರು 18 ಡಿಗ್ರಿ ಕೆಳಗಿನ ಚಳಿಯಲ್ಲಿ ಹೊರಟವರಿಗೆ, ಹೊತ್ತೇರಿದಂತೆ ಮೂಡಣ ಗಾಳಿ ಎದುರಾಯಿತು. ಗಾಳಿ ತಂದು ಒಟ್ಟಿದ ಹಿಮದಡಿಯಲ್ಲಿ ಗಡ್ಡೆಯ ಬಿರುಕುಗಳು ಮರೆಯಾಗಿ, ಅಲಗು ಸಿಕ್ಕಿ ಬಿದ್ದವರು, ಎದ್ದು ಮತ್ತೆ ಬಿದ್ದವರು, ದಾರಿ ಕಾಣದೆ ದಡದ ಮನೆಗಳಲ್ಲಿ ಆಶ್ರಯ ಬೇಡಿದವರು ಅಸಂಖ್ಯರು. ಕೆಲವು ಕಡೆ ಅಲಗು ಬಿಗಿದ ಕಾಲಿನಲ್ಲಿಯೇ ಹಿಮದ ರಾಶಿಯ ಮೇಲೆ ನಡೆದು ಸಾಗಬೇಕಾಗಿತ್ತು. ರೈನಿಯೆರ್ ಪಾಪಿಂಗ್ ಎಂಬಾತ ಅರ್ಧದಾರಿಯಲ್ಲಿ ಗುಂಪನ್ನು ಹಿಂದೆ ಬಿಟ್ಟು, ಕೊನೆಯ ಸುಮಾರು ನೂರು ಕಿಲೋಮೀಟರನ್ನು ಒಂಟಿಯಾಗಿ ಕ್ರಮಿಸಿ, 10 ಗಂಟೆ 59 ನಿಮಿಷಗಳಲ್ಲಿ ಗುರಿ ಮುಟ್ಟಿದ. ರಾಣಿ ಯೂಲಿಯಾನಾ ಅಂದು ಗುರಿಯ ಬಳಿ ಬಂದಿದ್ದರು. ಸ್ಪರ್ಧೆಗಲ್ಲದೆ ಬರಿಯ ಯಾತ್ರೆಗೆಂದು ಹೊರಟಿದ್ದ 9,294 ಮಂದಿಯಲ್ಲಿ ನಡುರಾತ್ರಿಗೆ ಮುಂಚೆ ಮರಳಿ ಶಿಲುಬೆ ಪಡೆದವರು 69 ಮಂದಿ.

ಆ 69ರ ಸಂಖ್ಯೆಯನ್ನು ಫ್ರೀಸ್‌ಲೆಂಡಿನ ಮಕ್ಕಳೂ ಬಲ್ಲರು. ಅದಕ್ಕೆ ಆ ದಿನದ ಘೋರತೆಯಷ್ಟೇ ಕಾರಣವಲ್ಲ. ಅದರ ಬೆನ್ನಿಗೆ ಬಂದ 22 ವರ್ಷಗಳ ಶೂನ್ಯವೂ ಕಾರಣ. 1963ರ ಅನಂತರ 1985ರವರೆಗೆ ಒಂದೇ ಒಂದು ಚಳಿಗಾಲವೂ ದಾರಿಯನ್ನು ಪೂರ್ಣವಾಗಿ ಕಟ್ಟಿಕೊಡಲಿಲ್ಲ. ಆ ಅವಧಿಯಲ್ಲಿ ಹುಟ್ಟಿ ಬೆಳೆದು ಮದುವೆಯಾದವರು ಯಾತ್ರೆಯನ್ನು ಕಂಡಿರಲಿಲ್ಲ, ಕೇಳಿದ್ದರು. ಕೇಳಿ ಕೇಳಿ ಅದು ಅವರಿಗೆ ಪುರಾಣವಾಗಿತ್ತು. ಚಳಿಗಾಲ ನೀರಸವೆಂಬ ಗೊಣಗಾಟವು ಒಂದು ಸಾಮೂಹಿಕ ಭಾವವಾಗಿ ಬೇರೂರಿದ್ದು ಈ ಇಪ್ಪತ್ತೆರಡು ವರ್ಷಗಳಲ್ಲಿ ಎಂದರೆ ತಪ್ಪಾಗಲಾರದು. ಇದ್ದದ್ದರ ನೆನಪಿಲ್ಲದವರಿಗೆ ಇಲ್ಲದ್ದರ ಕೊರತೆ ತಿಳಿಯದು. 1963 ಇರದಿದ್ದರೆ 1974ರ ಬೂದು ಜನವರಿಯನ್ನು ದೂರುವವರು ಯಾರೂ ಇರುತ್ತಿರಲಿಲ್ಲ.

ಈ ನಿರೀಕ್ಷೆಯ ಕಾಲದಲ್ಲಿ ಸಂಘ ಕೈಕಟ್ಟಿ ಕೂರಲಿಲ್ಲ. ದಾರಿಯನ್ನು ಹಲವು ವಲಯಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸುವ ವ್ಯವಸ್ಥೆ ಅದರದು. ಈ ಮುಖ್ಯಸ್ಥರು ಸಾಮಾನ್ಯವಾಗಿ ಆ ಭಾಗದಲ್ಲಿಯೇ ಹುಟ್ಟಿ ಬೆಳೆದು, ತಮ್ಮ ಪಾಲಿನ ನೀರಿನ ಗುಣಸ್ವಭಾವವನ್ನು ಬಲ್ಲವರು: ಯಾವ ಸೇತುವೆಯ ಕೆಳಗೆ ಪ್ರವಾಹದ ಎಳೆತವಿದೆ, ಎಲ್ಲಿ ಬಾತುಗಳು ಈಜಾಡಿ ನೀರನ್ನು ತೆರೆದಿಡುತ್ತವೆ, ಯಾವ ಕೆರೆಯ ಮೇಲೆ ಗಾಳಿ ತಡವಾಗಿ ನಿಲ್ಲುತ್ತದೆ ಎಂಬುದು ಅವರಿಗೆ ಕರತಲಾಮಲಕ. ಚಳಿ ಬಿಗಿದಾಗ ಇವರು ಗಡ್ಡೆಗೆ ತೂತು ಕೊರೆದು, ಅಳತೆಗೋಲನ್ನು ಇಳಿಬಿಟ್ಟು, ದಪ್ಪವನ್ನು ಬರೆದಿಡುತ್ತಾರೆ. ದುರ್ಬಲವಾದ ಜಾಗಕ್ಕೆ ಬೇರೆಡೆಯಿಂದ ಗರಗಸದಲ್ಲಿ ಕೊಯ್ದ ಗಡ್ಡೆಯನ್ನು ತಂದು ಕೂಡಿಸಿ, ರಾತ್ರಿಯ ಚಳಿ ಬೆಸುಗೆ ಹಾಕುವಂತೆ ಬಿಡುತ್ತಾರೆ. ಅದಕ್ಕೂ ಬಗ್ಗದ ಕಡೆ ದಡದ ಮೇಲೆ ಜಮಖಾನೆ ಹಾಸಿ, ಅಲಗು ಬಿಗಿದ ಕಾಲಿನಲ್ಲಿಯೇ ಜನ ನಡೆದು ದಾಟುವ ಏರ್ಪಾಡು ಮಾಡುತ್ತಾರೆ. ಸರ್ಕಾರವೂ ಕೈಜೋಡಿಸಿ, ನಿಯತವಾಗಿ ಓಡಾಡುವ ದೋಣಿಗಳನ್ನು ಆ ದಾರಿಯಲ್ಲಿ ಕೆಲವು ದಿನ ನಿಷೇಧಿಸುತ್ತದೆ. ಒಡೆಯಲು ಕುದುರೆ ಕಟ್ಟಿದ್ದ ನಾಡು ಈಗ ಒಡೆಯದಂತೆ ಕಾವಲು ಕಾಯುತ್ತದೆ!

1985ರ ಫೆಬ್ರವರಿ 21ರಂದು ಕೊನೆಗೂ ಯಾತ್ರೆ ಹೊರಟಾಗ ದೇಶಕ್ಕೆ ದೇಶವೇ ದೂರದರ್ಶನದ ಮುಂದೆ ಕುಳಿತಿತ್ತು. ಗೆದ್ದವನು ಹಸು ಸಾಕುವ ರೈತ ಎವರ್ಟ್ ವಾನ್ ಬೆಂಥೆಮ್. ಹೆಂಗಸರಿಗೆ ಸ್ಪರ್ಧೆಯಲ್ಲಿ ಅಧಿಕೃತ ಸ್ಥಾನ ದೊರೆತದ್ದೂ ಆ ವರ್ಷವೇ. ಮರುವರ್ಷ, 1986ರ ಫೆಬ್ರವರಿ 26ರಂದು, ಯಾರೂ ಊಹಿಸದಂತೆ ಚಳಿ ಮತ್ತೆ ಬಂತು. ಅದೇ ರೈತ ಮತ್ತೆ ಗೆದ್ದ. ಜನಸ್ತೋಮದ ನಡುವೆ ವಾನ್ ಬ್ಯೂರೆನ್ ಎಂಬ ಹೆಸರು ಹೇಳಿಕೊಂಡು ಸಾಗಿ ಶಿಲುಬೆ ಪಡೆದ ತರುಣನೊಬ್ಬ ಯುವರಾಜ ವಿಲೆಮ್ ಅಲೆಕ್ಸಾಂಡರ್ ಎಂಬುದು ಜನಜನಿತವಾಯಿತು. ಅನಂತರ ಹನ್ನೊಂದು ವರ್ಷ ಸುಮ್ಮನಿದ್ದು 1997ರ ಜನವರಿ 4ರಂದು ನಡೆದ ಹದಿನೈದನೆಯ ಯಾತ್ರೆಯಲ್ಲಿ ಸುಮಾರು 16,000 ಮಂದಿ ಹೊರಟರು. ಆ ದಿನ ಗೆದ್ದ ಹೆಂಕ್ ಆಂಗೆನೆಂಟ್ ಕೂಡ ಬೇಸಾಯಗಾರನೇ. ಪುಟ್ಟ ಕೋಸು ಬೆಳೆಯುತ್ತಿದ್ದವನು.

ಅದೇ ಈತನಕದ ಕೊನೆಯದು. 1997ರ ಮಗು ಇಂದು ಮನೆಮಠ ಮಾಡಿಕೊಂಡಿರುವ ಗೃಹಸ್ಥ. ಚಳಿಗಾಲಗಳು ಒಂದರ ಹಿಂದೊಂದು ಬಂದು, ವಲಯಗಳ ಮುಖ್ಯಸ್ಥರ ಅಳತೆಗೋಲಿಗೆ ಕೆಲಸ ಕೊಡದೆ ಹೋಗಿವೆ. 2012ರ ಫೆಬ್ರವರಿಯಲ್ಲಿ ಒಮ್ಮೆ ಮಾತ್ರ ಆಸೆ ಚಿಗುರಿತು. ಮೂಡುಗಾಳಿ ಬೀಸಿತು, ಕಾಲುವೆಗಳು ಬೆಳ್ಳಗಾದವು, ಪತ್ರಿಕೆಗಳು ದಿನದಿನವೂ ಸೆಂಟಿಮೀಟರುಗಳನ್ನು ಪ್ರಕಟಿಸಿದವು, ಜನ ಪೊರಕೆ ಹಿಡಿದು ಗಡ್ಡೆಯ ಮೇಲಿನ ಹಿಮವನ್ನು ಗುಡಿಸಿದರು. ವಲಯದ ಮುಖ್ಯಸ್ಥರೆಲ್ಲ ಸಭೆ ಸೇರಿ ತಮ್ಮ ತಮ್ಮ ಲೆಕ್ಕವನ್ನು ಒಪ್ಪಿಸಿದಾಗ, ದಕ್ಷಿಣ ಭಾಗದ ಗಡ್ಡೆ ಸಾಕಷ್ಟು ದಪ್ಪವಿಲ್ಲವೆಂಬುದು ತಿಳಿಯಿತು. ಯಾತ್ರೆ ಇಲ್ಲವೆಂದು ಸಂಘದ ಅಧ್ಯಕ್ಷ ವೀಬೆ ವೀಲಿಂಗ್ ಪತ್ರಕರ್ತರ ಮುಂದೆ ಸಾರಬೇಕಾಯಿತು. ಕೆಲವೇ ದಿನಗಳಲ್ಲಿ ಗಾಳಿ ದಿಕ್ಕು ಬದಲಿಸಿತು, ತುಂತುರು ಮರಳಿತು. ಕಾಯಲಾರದವರು 1989ರಿಂದಲೇ ಆಸ್ಟ್ರಿಯ ದೇಶದ ವೈಸೆನ್‌ಸೇ ಎಂಬ ಎತ್ತರದ ಸರೋವರಕ್ಕೆ ಹೋಗಿ, ಒಂದೇ ಸರೋವರವನ್ನು ಸುತ್ತಿ ಸುತ್ತಿ 200 ಕಿಲೋಮೀಟರಿನ ಲೆಕ್ಕ ಭರ್ತಿ ಮಾಡಿ ಬರುತ್ತಿದ್ದಾರೆ. ದೂರ ಅಷ್ಟೇ, ಗಡ್ಡೆ ಇನ್ನೂ ಚೆನ್ನ. ಹನ್ನೊಂದು ಊರುಗಳು ಮಾತ್ರ ಅಲ್ಲಿಲ್ಲ. ಹೆಪ್ಪುಗಟ್ಟದ ನೀರನ್ನು ಹಾಗೆಯೇ ಸ್ವೀಕರಿಸಿದವನು ಒಲಿಂಪಿಕ್ ಈಜುಗಾರ ಮಾರ್ಟೆನ್ ವಾನ್ ಡೆರ್ ವೈಡೆನ್: ಕ್ಯಾನ್ಸರಿನಿಂದ ಪಾರಾಗಿದ್ದ ಆತ, ಆ ರೋಗದ ಸಂಶೋಧನೆಗೆ ಹಣ ಕೂಡಿಸಲೆಂದು 2018ರಲ್ಲಿ ಈ ದಾರಿಯನ್ನು ಈಜಲು ಹೊರಟು ಮುಗಿಸಲಾರದೆ, 2019ರ ಜೂನಿನಲ್ಲಿ ಮತ್ತೆ ನೀರಿಗಿಳಿದು ಹನ್ನೊಂದು ಊರುಗಳನ್ನೂ ಈಜಿಯೇ ಮುಟ್ಟಿದ.

ದಾರಿಯ ಕೊನೆಯ ಭಾಗದಲ್ಲಿ ಬರುವ ಫ್ರಾನೆಕೆರ್ ಪಟ್ಟಣದಲ್ಲಿ, ಉಣ್ಣೆ ಹಿಂಜುವ ಕಸುಬಿನ ಐಸೆ ಐಸಿಂಗಾ ಎಂಬಾತ 1774ರಿಂದ 1781ರವರೆಗೆ ದುಡಿದು ತನ್ನ ಮನೆಯ ಚಾವಣಿಯಲ್ಲಿಯೇ ಕಟ್ಟಿದ ಗ್ರಹಮಂಡಲದ ಯಂತ್ರವೊಂದಿದೆ. ಮರದ ಚಕ್ರಗಳೂ ಕಬ್ಬಿಣದ ಮೊಳೆಗಳೂ ಸೇರಿದ ಆ ಯಂತ್ರ ಇಂದಿಗೂ ತಿರುಗುತ್ತ, ಶನಿಗ್ರಹ ಎಲ್ಲಿದೆ, ಚಂದ್ರ ಯಾವ ಕಲೆಯಲ್ಲಿದ್ದಾನೆ ಎಂಬುದನ್ನು ತೋರುತ್ತದೆ. ಕೋಟಿ ಕೋಟಿ ಕಿಲೋಮೀಟರ್ ಆಚೆಯ ಗ್ರಹದ ನಡೆಯನ್ನು ಚಾವಣಿಗೆ ಇಳಿಸಬಲ್ಲ ಬುದ್ಧಿಗೆ, ಮನೆಯ ಮುಂದಿನ ಕಾಲುವೆ ಮುಂದಿನ ತಿಂಗಳು ಗಟ್ಟಿಯಾಗುವುದೇ ಎಂಬುದು ಮಾತ್ರ ಎಟಕುವುದಿಲ್ಲ. ಯಾತ್ರೆಯ ಆಕರ್ಷಣೆಯ ಮೂಲ ಈ ಅನಿಶ್ಚಯದಲ್ಲಿಯೇ ಇತ್ತು: ಪಂಚಾಂಗದಲ್ಲಿ ಗುರುತಿಸಲಾಗದ ಹಬ್ಬವದು.

ಈಗ ಆ ಅನಿಶ್ಚಯದ ಸ್ವರೂಪವೇ ಬದಲಾಗುತ್ತಿದೆ. ಡಚ್ ಹವಾಮಾನ ಸಂಸ್ಥೆಯ ಡೆ ಬಿಲ್ಟ್ ಕೇಂದ್ರದಲ್ಲಿ ಜನವರಿಯ ಸರಾಸರಿ ಉಷ್ಣತೆ 1961ರಿಂದ 1990ರವರೆಗಿನ ಮೂವತ್ತು ವರ್ಷಗಳಲ್ಲಿ 2.2 ಡಿಗ್ರಿ ಇದ್ದದ್ದು, 1991ರಿಂದ 2020ರವರೆಗಿನ ಮೂವತ್ತು ವರ್ಷಗಳಲ್ಲಿ 3.6 ಡಿಗ್ರಿಗೆ ಏರಿದೆ. ಇದರ ಜತೆಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ಫ್ರೀಸ್‌ಲೆಂಡಿನ ನೆರೆಯ ಪ್ರಾಂತವಾದ ಗ್ರೋನಿಂಗೆನ್ನಿನ ನೆಲದಡಿಯಲ್ಲಿ 1959ರಲ್ಲಿ ನೈಸರ್ಗಿಕ ಅನಿಲದ ಬೃಹತ್ ನಿಕ್ಷೇಪ ದೊರೆಯಿತು. 1960ರ ದಶಕ ಮುಗಿಯುವಷ್ಟರಲ್ಲಿ ಕಲ್ಲಿದ್ದಲಿನ ಒಲೆಗಳು ಹೋಗಿ, ಬಹುಮಟ್ಟಿಗೆ ಎಲ್ಲ ಮನೆಗಳಿಗೂ ಅನಿಲದ ಕೊಳವೆ ಬಂತು. ಚಳಿಗೆ ಹೆದರಬೇಕಾಗಿಲ್ಲದ ಬೆಚ್ಚನೆಯ ಕೊಠಡಿ ಎಲ್ಲರಿಗೂ ದೊರೆತ ಮೇಲೆ, ಕಿಟಕಿಯಾಚೆಯ ಚಳಿ ಸುಂದರವಾಗಿ ಕಂಡಿತು; ಕಠೋರ ಚಳಿಗಾಲವನ್ನು ಪ್ರೀತಿಯಿಂದ ಹಂಬಲಿಸುವುದು ಸಾಧ್ಯವಾಯಿತು. ಸೌದೆ ತುಟ್ಟಿಯಾಗಿ ನಡುಗಿದ ದೋಣಿಯವನು ಬೆಚ್ಚನೆಯ ತುಂತುರಿನ ಜನವರಿಯನ್ನು ಎಂದೂ ದೂರಿರಲಾರ. ಹಾಗೆ ಹಂಬಲಿಸಲು ಬಿಡುವು ಕೊಟ್ಟ ಆ ಇಂಧನವೇ, ಲೋಕದ ಎಲ್ಲೆಡೆಯ ಕಲ್ಲಿದ್ದಲು ತೈಲಗಳೊಡನೆ ಸೇರಿ, ಹಂಬಲಿಸಿದ ಚಳಿಯನ್ನು ದೂರ ಅಟ್ಟಿತೆಂಬುದು ಈ ಚರಿತ್ರೆಯ ವಿಪರ್ಯಾಸ.

ಸಂಘ ಇಂದಿಗೂ ಪ್ರತಿ ವರ್ಷ ಪೂರ್ಣ ಸಿದ್ಧತೆ ಮಾಡಿಕೊಳ್ಳುತ್ತದೆ. ವಲಯಗಳ ಮುಖ್ಯಸ್ಥರು ನಿವೃತ್ತರಾದಾಗ ಹೊಸಬರು ಬರುತ್ತಾರೆ. ಅವರಲ್ಲಿ ಅನೇಕರು ತಮ್ಮ ಅಧಿಕಾರಾವಧಿಯಲ್ಲಿ ಒಂದೇ ಒಂದು ಯಾತ್ರೆಯನ್ನೂ ನಡೆಸದೆ ಇಳಿಯುತ್ತಾರೆ. ಇದನ್ನು ನಿಷ್ಫಲವೆಂದು ನಗುವವರಿರಬಹುದು. ಆದರೆ ನಾಳೆ ಮೂಡುಗಾಳಿ ಬೀಸಿದರೆ ಯಾವ ಸೇತುವೆಯ ಬಳಿ ಜಮಖಾನೆ ಹಾಸಬೇಕೆಂದು ಬಲ್ಲ ಜನ ಇರಬೇಕಾದರೆ, ಗಾಳಿ ಬೀಸದ ವರ್ಷಗಳಲ್ಲಿ ಆ ವಿದ್ಯೆಯನ್ನು ಯಾರಾದರೂ ಕೈಯಿಂದ ಕೈಗೆ ದಾಟಿಸುತ್ತಿರಲೇಬೇಕು. ನೀರಸವಾದ ಚಳಿಗಾಲವನ್ನು ಆಕಾಶದ ಮೇಲೆ ಹೊರಿಸಿ ಗೊಣಗುವ ಸುಖ ಹಿಂದಿನವರಿಗಿತ್ತು. ಇಂದಿನವರು ಆ ದೂರಿನಲ್ಲಿ ಒಂದು ಪಾಲನ್ನು ತಮ್ಮ ಹೆಸರಿಗೂ ಬರೆದುಕೊಳ್ಳಬೇಕಾಗಿದೆ.